ಹಡಗಿನ ಕೋಣೆಗೆ ಹೆಚ್ಚುವರಿ ಹಣ: ಯಾರು ಕೊಡಬೇಕು, ಯಾರು ಕೊಡಬೇಕಿಲ್ಲ?

ಉಮ್ಮತ್ತೂರು (ಚಾಮರಾಜನಗರ): ವಿಹಾರ ನೌಕೆಯ ಪ್ರವಾಸವೆಂಬುದು ಒಂದು ಕಾಲಕ್ಕೆ ಸಿನಿಮಾದ ನಾಯಕ–ನಾಯಕಿಯರಿಗೆ ಮಾತ್ರ ಮೀಸಲಾದ ಸಂಗತಿಯಾಗಿತ್ತು. ಇಂದು ಹಾಗಿಲ್ಲ. ಕಡಲಿನಿಂದ ದೂರವಿರುವ, ಉಪ್ಪುನೀರು ಕಾಣಬೇಕಾದರೆ ಒಂದು ಘಟ್ಟವನ್ನಾದರೂ ಇಳಿಯಬೇಕಾದ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಿವೃತ್ತ ನೌಕರರು, ಶಿಕ್ಷಕರು, ವರ್ತಕರು ಕೂಡ ಮುಂಬೈ ಅಥವಾ ಕೊಚ್ಚಿಯಲ್ಲಿ ಹಡಗು ಹತ್ತುವ ಮಾತನಾಡುತ್ತಿದ್ದಾರೆ. ನಿವೃತ್ತಿಯ ವೇಳೆ ಕೈಸೇರಿದ ಗ್ರಾಚ್ಯುಟಿ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಜೀವಮಾನದಲ್ಲಿ ಒಮ್ಮೆ ಹೋಗಿ ಬರೋಣ ಎನ್ನುವವರೇ ಇವರಲ್ಲಿ ಬಹಳ ಮಂದಿ.

ಇಂಥವರು ಟಿಕೆಟ್ ಕಾದಿರಿಸಲು ಕುಳಿತಾಗ ಎದುರಾಗುವ ಮೊದಲ ಪ್ರಶ್ನೆ ಊರಿನದಲ್ಲ, ದಿನಾಂಕದ್ದೂ ಅಲ್ಲ, ಕೋಣೆಯದು. ಒಂದೇ ಹಡಗು, ಒಂದೇ ಮಾರ್ಗ, ಒಂದೇ ಊಟ. ಆದರೆ ಕೋಣೆಯೊಂದು ಬದಲಾದರೆ ದರ ಒಂದೂವರೆ ಪಟ್ಟು, ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಜಿಗಿಯುತ್ತದೆ. ಈ ಹೆಚ್ಚುವರಿ ಹಣಕ್ಕೆ ಪ್ರತಿಯಾಗಿ ಪ್ರಯಾಣಿಕನಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಾಲ್ಕು ಬಗೆಯ ಕೋಣೆಗಳು

ವಿಹಾರ ನೌಕೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕೋಣೆಗಳಿರುತ್ತವೆ. ಮೊದಲನೆಯದು ಒಳಕೋಣೆ. ಹಡಗಿನ ಮಧ್ಯಭಾಗದಲ್ಲಿ, ನಡುದಾರಿಯ ಒಳಬದಿಗೆ ಇರುವ ಈ ಕೋಣೆಗೆ ಕಿಟಕಿಯೇ ಇರುವುದಿಲ್ಲ. ದರ ಎಲ್ಲಕ್ಕಿಂತ ಕಡಿಮೆ. ಎರಡನೆಯದು ಕಿಟಕಿ ಕೋಣೆ. ಕಡಲು ಕಾಣುವ, ಆದರೆ ತೆರೆಯಲಾಗದ ಗಾಜಿನ ಕಿಟಕಿ ಇದರ ವಿಶೇಷ. ಮೂರನೆಯದು ಬಾಲ್ಕನಿ ಕೋಣೆ. ಗಾಜಿನ ಬಾಗಿಲು ಸರಿಸಿ ಹೊರಬಂದರೆ ಎರಡು ಕುರ್ಚಿ ಹಾಕುವಷ್ಟು ಸ್ವಂತ ಜಾಗ. ನಾಲ್ಕನೆಯದು ಸೂಟ್. ಮಲಗುವ ಜಾಗ ಮತ್ತು ಕೂರುವ ಜಾಗ ಬೇರೆ ಬೇರೆಯಾಗಿದ್ದು, ಕೆಲವು ಕಂಪನಿಗಳಲ್ಲಿ ಪ್ರತ್ಯೇಕ ಭೋಜನಶಾಲೆ, ಸರದಿಯಿಲ್ಲದೆ ಹಡಗು ಹತ್ತುವ ಸೌಕರ್ಯವೂ ಇದಕ್ಕೆ ಸೇರಿರುತ್ತದೆ.

ನೌಕೆ ಹಳೆಯದೋ ಹೊಸದೋ ಎಂಬುದರ ಮೇಲೆ ಈ ನಾಲ್ಕರ ಪ್ರಮಾಣ ಬದಲಾಗುತ್ತದೆ. ಬಾಲ್ಕನಿ ಎಂಬುದು ವಿಹಾರ ನೌಕೆಗಳಲ್ಲಿ ವ್ಯಾಪಕವಾದದ್ದು ಇತ್ತೀಚಿನ ದಶಕಗಳಲ್ಲಿ. 1984ರಲ್ಲಿ ಸಂಚಾರ ಆರಂಭಿಸಿದ 'ರಾಯಲ್ ಪ್ರಿನ್ಸೆಸ್' ನೌಕೆಯಲ್ಲಿ ಎಲ್ಲ ಪ್ರಯಾಣಿಕರ ಕೋಣೆಗಳನ್ನೂ ಹೊರಬದಿಗೇ ಜೋಡಿಸಿದ್ದು ಅಂದಿಗೆ ದೊಡ್ಡ ಸುದ್ದಿ. ಅಲ್ಲಿಂದೀಚೆಗೆ ಕಟ್ಟಿದ ಹಡಗುಗಳಲ್ಲಿ ಬಾಲ್ಕನಿಗಳ ಸಂಖ್ಯೆ ಹೆಚ್ಚುತ್ತಲೇ ಬಂದಿತು.

ನಮ್ಮ ದೇಶದ ಬಂದರುಗಳಿಂದ 2021ರ ಸೆಪ್ಟೆಂಬರಿನಲ್ಲಿ ಪ್ರವಾಸ ಆರಂಭಿಸಿದ ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ನೌಕೆ 1990ರಲ್ಲಿ ಫ್ರಾನ್ಸ್‌ನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ನಿರ್ಮಾಣವಾದದ್ದು. ಸುಮಾರು 800 ಕೋಣೆಗಳುಳ್ಳ ಈ ಹಡಗಿನಲ್ಲಿ ಒಳಕೋಣೆ ಮತ್ತು ಕಿಟಕಿ ಕೋಣೆಗಳೇ ಅಧಿಕ, ಬಾಲ್ಕನಿಯುಳ್ಳವು ಅಲ್ಪ. ಅಲ್ಪವಾದದ್ದಕ್ಕೆ ಬೆಲೆ ಜಾಸ್ತಿ ಎಂಬುದು ಸಂತೆಯಲ್ಲಿ ಎಷ್ಟು ನಿಜವೋ ಸಮುದ್ರದಲ್ಲೂ ಅಷ್ಟೇ ನಿಜ. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯನ್ನು ಮಂಗಳೂರಿನ ಜನ ನೋಡಿದ್ದಾರೆ. ಕೋವಿಡ್ ಬಿಡುವಿನ ಬಳಿಕ 2022ರ ನವೆಂಬರಿನಲ್ಲಿ ನವಮಂಗಳೂರು ಬಂದರಿಗೆ ಬಂದ 'ಯುರೋಪಾ 2' ನೌಕೆಯಲ್ಲಿ ಪ್ರತಿಯೊಂದು ಕೋಣೆಯೂ ಬಾಲ್ಕನಿಯುಳ್ಳ ಸೂಟ್. ಅಲ್ಲಿ ಕಡಿಮೆ ದರದ ಒಳಕೋಣೆ ಎಂಬುದೇ ಇಲ್ಲ. ಟಿಕೆಟ್ಟಿನ ದರವೂ ಅದಕ್ಕೆ ತಕ್ಕಂತೆ.

ಹಳೆಯ ರೂಢಿ, ಹೊಸ ವ್ಯಾಪಾರ

ಹಡಗಿನಲ್ಲಿ ಹಣಕ್ಕೆ ತಕ್ಕ ಜಾಗ ಎಂಬುದು ಇಂದಿನ ಆವಿಷ್ಕಾರವೇನಲ್ಲ. ರಸ್ತೆ, ಸೇತುವೆಗಳು ಸರಿಯಾಗಿಲ್ಲದ ಕಾಲದಲ್ಲಿ ಕರಾವಳಿಯ ಕನ್ನಡಿಗರು, ತುಳುವರು ಮುಂಬೈ ಸೇರುತ್ತಿದ್ದುದು ಹಡಗಿನಲ್ಲಿ. ಅವರಲ್ಲಿ ಹೆಚ್ಚಿನವರು ಡೆಕ್ ದರ್ಜೆಯವರು. ಚಾಪೆ ಹಾಸಿದ್ದೇ ಹಾಸಿಗೆ, ಆಕಾಶವೇ ಸೂರು. ಮೇಲಿನ ದರ್ಜೆಯ ಕೋಣೆ ಸಾಹುಕಾರರಿಗೆ, ಅಧಿಕಾರಿಗಳಿಗೆ.

ಸ್ವಾಮಿ ವಿವೇಕಾನಂದರ ಷಿಕಾಗೊ ಯಾತ್ರೆಯಲ್ಲಿಯೂ ಇಂಥದೊಂದು ಪ್ರಸಂಗವಿದೆ. ಚಿಕ್ಕಮಗಳೂರಿನಲ್ಲಿ ಜನಿಸಿ ಮದರಾಸಿನಲ್ಲಿ ನೆಲೆಸಿದ್ದ ಅಳಸಿಂಗ ಪೆರುಮಾಳ್ ಮತ್ತವರ ಗೆಳೆಯರು ಮನೆಮನೆಗೆ ಹೋಗಿ ವಂತಿಗೆ ಎತ್ತಿ ಪ್ರಯಾಣಕ್ಕೆ ಹಣ ಕೂಡಿಸಿದರು. ಖೇತ್ರಿಯ ರಾಜ ಅಜಿತ್ ಸಿಂಗ್ ಸ್ವಾಮೀಜಿಯವರಿಗೆ ಮೊದಲ ದರ್ಜೆಯ ಪ್ರಯಾಣದ ಏರ್ಪಾಡು ಮಾಡಿಸಿದರು. 1893ರ ಮೇ 31ರಂದು ಮುಂಬೈಯಿಂದ 'ಪೆನಿನ್ಸುಲರ್' ಹಡಗು ಹೊರಟಿತು. ಆದರೆ ಯೊಕೊಹಾಮಾದಿಂದ ವ್ಯಾಂಕೂವರಿಗೆ ಶಾಂತಸಾಗರದ ಉತ್ತರ ಭಾಗವನ್ನು ದಾಟುವಾಗ ಬೆಚ್ಚನೆಯ ಬಟ್ಟೆಯಿಲ್ಲದೆ ಚಳಿಯಿಂದ ಬಹಳ ಬಳಲಿದುದಾಗಿ ಸ್ವಾಮೀಜಿಯೇ ಪತ್ರದಲ್ಲಿ ಬರೆದಿದ್ದಾರೆ. ದರ್ಜೆಯ ವಿಚಾರದಲ್ಲಿ ತೋರಿದ ಉದಾರತೆಯ ನಡುವೆ ಸಾಗರದ ಹವೆಯ ವಿಚಾರ ಮರೆತುಹೋಗಿತ್ತು. ಯಾವುದಕ್ಕೆ ಹಣ ಸುರಿಯಬೇಕು, ಯಾವುದಕ್ಕೆ ಮೊದಲು ಗಮನ ಕೊಡಬೇಕು ಎಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

ಇಂದಿನ ಕಂಪನಿಗಳ ಲೆಕ್ಕಾಚಾರ ಬೇರೆ. ಹಡಗು ಹೊರಡುವಾಗ ಖಾಲಿ ಉಳಿದ ಕೋಣೆಯಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಒಳಕೋಣೆಯನ್ನು ಅಗ್ಗಕ್ಕೆ ಮಾರಿದರೂ ಅಲ್ಲಿ ತಂಗುವ ಪ್ರಯಾಣಿಕ ಮದ್ಯ, ಕ್ಯಾಸಿನೊ, ಛಾಯಾಚಿತ್ರ, ವೈ–ಫೈ, ದಡದ ಪ್ರವಾಸ ಎಂದು ಹಡಗಿನೊಳಗೆ ಹಣ ಖರ್ಚು ಮಾಡುತ್ತಾನೆ. ಆದ್ದರಿಂದ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಒಳಕೋಣೆಯ ದರ. 'ಇಷ್ಟರಿಂದ ಆರಂಭ' ಎಂಬ ಮಾತಿನ ಅರ್ಥವೂ ಅದೇ. ಕಂಪನಿಯ ಲಾಭ ಬೆಳೆಯುವುದು ಆ ಆರಂಭದಿಂದ ಗಿರಾಕಿಯನ್ನು ಒಂದೊಂದೇ ಮೆಟ್ಟಿಲು ಮೇಲೆ ಹತ್ತಿಸಿದಾಗ.

ಹಣ ಕೊಟ್ಟರೂ ಬದಲಾಗದ ಸಂಗತಿಗಳು

ಕೋಣೆ ಯಾವುದೇ ಆಗಿರಲಿ, ಮುಖ್ಯ ಭೋಜನಶಾಲೆಯ ಊಟ, ಈಜುಕೊಳ, ರಂಗಮಂದಿರದ ಕಾರ್ಯಕ್ರಮ, ಮೇಲಿನ ಡೆಕ್ಕಿನಿಂದ ಕಾಣುವ ಸೂರ್ಯಾಸ್ತ ಎಲ್ಲರಿಗೂ ಒಂದೇ. ಹಡಗು ತಲುಪುವ ಬಂದರೂ ಒಂದೇ. ಇದಕ್ಕೆ ಅಪವಾದ ಕೆಲವು ದೊಡ್ಡ ಕಂಪನಿಗಳು. 2008ರಲ್ಲಿ 'ಎಂಎಸ್‌ಸಿ ಫ್ಯಾಂಟಸಿಯಾ' ನೌಕೆಯಲ್ಲಿ ಆರಂಭವಾದ 'ಯಾಟ್ ಕ್ಲಬ್' ಪದ್ಧತಿಯಲ್ಲಿ ಸೂಟ್ ಕೊಂಡವರಿಗೆ ಹಡಗಿನೊಳಗೇ ಪ್ರತ್ಯೇಕ ಹಡಗಿನಂಥ ವ್ಯವಸ್ಥೆಯಿದೆ. ಭೋಜನಶಾಲೆ, ಈಜುಕೊಳಗಳೆಲ್ಲ ಬೇರೆ. ಅಂಥಲ್ಲಿ ಹೆಚ್ಚುವರಿ ಹಣಕ್ಕೆ ದೊರೆಯುವುದು ಕೋಣೆಯಷ್ಟೇ ಅಲ್ಲ, ಬೇರೆಯದೇ ಪ್ರವಾಸ.

ಸುರಕ್ಷತೆಯ ಪ್ರಶ್ನೆಯನ್ನು ಹಲವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಮೊದಲ ದರ್ಜೆಯವರಲ್ಲಿ ಶೇ 62ರಷ್ಟು, ಎರಡನೇ ದರ್ಜೆಯವರಲ್ಲಿ ಶೇ 41ರಷ್ಟು, ಮೂರನೇ ದರ್ಜೆಯವರಲ್ಲಿ ಕೇವಲ ಶೇ 25ರಷ್ಟು ಜನ ಬದುಕುಳಿದರು. ಆ ದುರಂತದ ಫಲವಾಗಿ 1914ರಲ್ಲಿ ಕಡಲ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ಜೀವರಕ್ಷಕ ದೋಣಿ ಅಥವಾ ತೆಪ್ಪದಲ್ಲಿ ಜಾಗವಿರಬೇಕೆಂಬುದು ಇಂದು ನಿಯಮ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ತಾಗಿ ಮಗುಚಿ 32 ಮಂದಿ ಮೃತಪಟ್ಟ ಬಳಿಕ ನಿಯಮ ಮತ್ತೂ ಬಿಗಿಯಾಯಿತು. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ಸುರಕ್ಷತಾ ತಾಲೀಮು ನಡೆಸುವುದು 2015ರಿಂದ ಕಡ್ಡಾಯ. ಪ್ರಯಾಣಿಕನ ಜೀವ ಉಳಿಸುವುದು ಆ ತಾಲೀಮಿನಲ್ಲಿ ತೋರಿಸಿದ ಜಾಗ ನೆನಪಿರುವುದೇ ಹೊರತು ಬಾಲ್ಕನಿಯಲ್ಲ.

ಕಿಟಕಿಯ ನಿಜವಾದ ಬೆಲೆ

ಹಾಗೆಂದು ಕಿಟಕಿಗೆ ಬೆಲೆಯೇ ಇಲ್ಲವೆಂದಲ್ಲ. ಎಲ್ಲವೂ ಸರಿಯಾಗಿ ನಡೆದಾಗ ಒಳಕೋಣೆಯಲ್ಲಿ ಕೊರತೆ ಕಾಣುವುದಿಲ್ಲ; ಏರುಪೇರಾದಾಗ ಅದರ ಮಿತಿ ತಿಳಿಯುತ್ತದೆ.

2013ರ ಫೆಬ್ರುವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ 'ಕಾರ್ನಿವಲ್ ಟ್ರಯಂಫ್' ನೌಕೆಯ ಎಂಜಿನ್ ಕೋಣೆಗೆ ಬೆಂಕಿ ತಗುಲಿ ವಿದ್ಯುತ್ ಕಡಿತಗೊಂಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಲವು ದಿನ ಅದರಲ್ಲಿಯೇ ಉಳಿಯಬೇಕಾಯಿತು. ಗಾಳಿಯಾಡದ ಒಳಕೋಣೆಗಳನ್ನು ಬಿಟ್ಟು ಜನ ಹಾಸಿಗೆಗಳನ್ನು ಎಳೆದುಕೊಂಡು ಬಂದು ತೆರೆದ ಡೆಕ್ಕಿನಲ್ಲಿ ಮಲಗಿದರು.

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ 'ಡೈಮಂಡ್ ಪ್ರಿನ್ಸೆಸ್' ನೌಕೆಯ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 3,711 ಮಂದಿಯಿದ್ದ ಆ ಹಡಗಿನಲ್ಲಿ 700ಕ್ಕೂ ಹೆಚ್ಚು ಜನರಿಗೆ ಕೊರೊನಾ ಸೋಂಕು ತಗುಲಿತು. ಪ್ರಯಾಣಿಕರು ಎರಡು ವಾರ ಕೋಣೆಯೊಳಗೇ ದಿಗ್ಬಂಧನದಲ್ಲಿದ್ದರು. ಬಾಲ್ಕನಿಯಿದ್ದವರು ಗಾಳಿ ಬೆಳಕು ಕಂಡರು. ಒಳಕೋಣೆಯವರು ಸರದಿಯಂತೆ ಡೆಕ್ಕಿಗೆ ಕರೆದೊಯ್ಯುವುದನ್ನು ಕಾಯಬೇಕಾಯಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ, ಕಾರವಾರದವರೂ ಅವರಲ್ಲಿದ್ದರು. ಕೋಣೆ ಹಂಚಿಕೊಂಡು ಮಲಗುವ, ದಿಗ್ಬಂಧನದ ದಿನಗಳಲ್ಲಿಯೂ ಪ್ರಯಾಣಿಕರ ಬಾಗಿಲಿಗೆ ಊಟ ತಲುಪಿಸುವ ಈ ಸಿಬ್ಬಂದಿಗೆ ಕೋಣೆಯ ಆಯ್ಕೆ ಎಂಬುದೇ ಇರಲಿಲ್ಲ. ಕಿಟಕಿಯ ಬೆಲೆ ಚರ್ಚಿಸುವಾಗ ಈ ಮಾತನ್ನೂ ಮರೆಯಬಾರದು.

ಇವು ಅಪರೂಪದ ಘಟನೆಗಳು. ಅಪರೂಪದ ಭಯಕ್ಕಾಗಿ ಹಣ ಸುರಿಯಬೇಕಿಲ್ಲ. ಆದರೆ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು, ಲಿಫ್ಟ್ ಹತ್ತಲು ಹೆದರುವವರು, ಬೆಳಗಿನ ಬೆಳಕಿಲ್ಲದೆ ಎಚ್ಚರವಾಗದವರು ಕನಿಷ್ಠ ಕಿಟಕಿ ಕೋಣೆಯನ್ನಾದರೂ ಆರಿಸಿಕೊಳ್ಳುವುದು ಯುಕ್ತ. ಒಳಕೋಣೆಯಲ್ಲಿ ದೀಪ ಆರಿಸಿದರೆ ಹಗಲು ಹನ್ನೆರಡು ಗಂಟೆಯೂ ಅಮಾವಾಸ್ಯೆಯ ಮಧ್ಯರಾತ್ರಿಯಂತೆಯೇ ಇರುತ್ತದೆ. ಈ ಕೊರತೆಯನ್ನು ಅರಿತ ಡಿಸ್ನಿ ಕಂಪನಿ 2011ರಲ್ಲಿ 'ಡಿಸ್ನಿ ಡ್ರೀಮ್' ನೌಕೆಯ ಒಳಕೋಣೆಗಳಲ್ಲಿ ಹೊರಗಿನ ಕಡಲನ್ನು ಆ ಕ್ಷಣದಲ್ಲೇ ತೋರಿಸುವ ದುಂಡು ಪರದೆಗಳನ್ನು ಅಳವಡಿಸಿತು.

ಓಲಾಟಕ್ಕೂ ದರಕ್ಕೂ ಸಂಬಂಧವಿಲ್ಲ

ಅನೇಕರಿಗೆ ತಿಳಿಯದ ಮುಖ್ಯ ವಿಷಯವೊಂದಿದೆ. ಹಡಗಿನಲ್ಲಿ ದರ ಹೆಚ್ಚಿದಂತೆಲ್ಲ ನೆಮ್ಮದಿ ಹೆಚ್ಚುವುದಿಲ್ಲ. ಕೆಲವೊಮ್ಮೆ ಅದಕ್ಕೆ ವಿರುದ್ಧವೇ ಸರಿ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವಾಗ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದವರಿಗೆ, ಗುಂಡ್ಲುಪೇಟೆ ಮಾರ್ಗವಾಗಿ ಮಸಿನಗುಡಿ ದಾಟಿ ಊಟಿಯ 36 ತಿರುವುಗಳನ್ನು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸಿನ ಕೊನೆಯ ಸಾಲಿನಲ್ಲಿ ಕುಳಿತವರ ಹೊಟ್ಟೆ ಕಲಕುವಷ್ಟು ನಡುವಿನ ಸಾಲಿನವರಿಗೆ ಕಲಕುವುದಿಲ್ಲ. ಹಡಗೂ ಹಾಗೆಯೇ. ಅಲೆಗೆ ಮುಂದೆ–ಹಿಂದೆ ತೂಗುವಾಗ ಅದರ ಎರಡು ತುದಿಗಳು ತಕ್ಕಡಿಯ ತಟ್ಟೆಗಳಂತೆ ಏರಿಳಿಯುತ್ತವೆ. ನಡುಭಾಗ ಬಹುಮಟ್ಟಿಗೆ ಸ್ಥಿರ. ಎಡ–ಬಲಕ್ಕೆ ಓಲಾಡುವಾಗ ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ, ಕೆಳಗಿನದು ಕಡಿಮೆ. ದೊಡ್ಡ ಹಡಗುಗಳ ಬದಿಗೆ ಮೀನಿನ ರೆಕ್ಕೆಯಂತೆ ಚಾಚಿಕೊಳ್ಳುವ ಸ್ಥಿರಕಗಳಿರುತ್ತವೆ. ಅವು ಎಡ–ಬಲದ ಓಲಾಟವನ್ನು ತಗ್ಗಿಸುತ್ತವೆಯೇ ಹೊರತು ಮುಂದೆ–ಹಿಂದಿನ ತೂಗಾಟವನ್ನಲ್ಲ.

ಹಾಗಾಗಿ ಎತ್ತರದ ಅಂತಸ್ತಿನ, ಹಡಗಿನ ಮೂತಿಯ ಬಳಿಯ ದುಬಾರಿ ಸೂಟಿಗಿಂತ, ಕೆಳಗಿನ ಅಂತಸ್ತಿನ ನಡುಮಧ್ಯದ ಅಗ್ಗದ ಕೋಣೆಯೇ ಹೆಚ್ಚು ನಿಶ್ಚಲ. ವಾಕರಿಕೆ ಉಂಟಾಗುವುದು ಒಳಗಿವಿಯ ಸಮತೋಲನ ಅಂಗ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ತಾಳೆಯಾಗದಿದ್ದಾಗ. ದೂರದ ದಿಗಂತವನ್ನು ನೋಡಿದರೆ ಕಣ್ಣು ಮತ್ತು ಕಿವಿ ಒಂದಾಗುತ್ತವೆ. ಘಟ್ಟದ ಬಸ್ಸಿನಲ್ಲಿ ಸಂಕಟಪಡುವವರಿಗೆ ಕೆಳ ಅಂತಸ್ತಿನ, ನಡುಭಾಗದ ಕಿಟಕಿ ಕೋಣೆ ಅತ್ಯುತ್ತಮ. ಬಾಲ್ಕನಿಗೆ ಕೊಡಲಿದ್ದ ಹಣ ಇಲ್ಲಿ ಉಳಿಯುತ್ತದೆ.

ಅರಬ್ಬೀ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಹೊಡೆತಕ್ಕೆ ಪ್ರಕ್ಷುಬ್ಧವಾಗಿರುತ್ತದೆ. ಪಶ್ಚಿಮ ಕರಾವಳಿಯ ವಿಹಾರ ಯಾನಕ್ಕೆ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಪ್ರಶಸ್ತ. ಒಳ್ಳೆಯ ಋತುವನ್ನು ಆರಿಸಿಕೊಂಡವನು ಒಳಕೋಣೆಯಲ್ಲಿಯೂ ಸುಖವಾಗಿ ನಿದ್ರಿಸಿಯಾನು.

ಎಡವೋ ಬಲವೋ?

ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಎಡಬದಿಯ, ಮರಳುವಾಗ ಬಲಬದಿಯ ಕೋಣೆಗಳಿಗೆ ಬೇಡಿಕೆಯಿತ್ತು. ಪೂರ್ವಾಭಿಮುಖವಾಗಿ ಸಾಗುವ ಹಡಗಿನ ಎಡಬದಿ ಉತ್ತರಕ್ಕಿರುವುದರಿಂದ ಬಿಸಿಲು ಕಡಿಮೆ. 'ಪಾಷ್' ಎಂಬ ಇಂಗ್ಲಿಷ್ ಪದ ಇದರಿಂದಲೇ ಹುಟ್ಟಿತೆಂಬ ಕಥೆ ಪ್ರಸಿದ್ಧವಾದರೂ ಭಾಷಾತಜ್ಞರು ಅದನ್ನು ಒಪ್ಪುವುದಿಲ್ಲ. ಆ ಅಕ್ಷರಗಳನ್ನು ಒತ್ತಿದ ಒಂದು ಟಿಕೆಟ್ಟೂ ಸಿಕ್ಕಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಲೆಕ್ಕ ಸರಳ. ಮುಂಬೈಯಿಂದ ದಕ್ಷಿಣಕ್ಕೆ ಸಾಗುವಾಗ ಬಲಬದಿಗೆ ಸೂರ್ಯಾಸ್ತ, ಎಡಬದಿಗೆ ಸೂರ್ಯೋದಯ ಮತ್ತು ದಡದ ದಿಕ್ಕು. ಹಿಂತಿರುಗುವಾಗ ಇದು ಅದಲುಬದಲು. ಹೋದ ಬಂದರಿಗೇ ಮರಳುವ ಪ್ರವಾಸದಲ್ಲಿ ಎರಡು ಬದಿಯವರಿಗೂ ಎರಡೂ ಸಿಗುವುದರಿಂದ ಬದಿಯ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಾದ ಅಗತ್ಯವಿಲ್ಲ. ಒಂದೇ ದಿಕ್ಕಿನ ಯಾನಕ್ಕೆ ಮಾತ್ರ ಇದು ವಿಚಾರಾರ್ಹ.

ಒಂದು ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ದರಪಟ್ಟಿ ಇಟ್ಟುಕೊಳ್ಳೋಣ. ಮೂರು ರಾತ್ರಿಯ ಯಾನಕ್ಕೆ ತಲಾ ದರ ಒಳಕೋಣೆಗೆ 25,000 ರೂಪಾಯಿ, ಕಿಟಕಿ ಕೋಣೆಗೆ 32,000, ಬಾಲ್ಕನಿಗೆ 45,000. ದಂಪತಿಗೆ ಕಿಟಕಿಗಾಗಿ ತಗಲುವ ಹೆಚ್ಚುವರಿ ಮೊತ್ತ 14,000 ರೂಪಾಯಿ, ಬಾಲ್ಕನಿಗಾಗಿ 40,000.

ಮೊದಲ ದಿನ ಸಂಜೆ 4ಕ್ಕೆ ಹಡಗು ಹತ್ತಿ ನಾಲ್ಕನೆಯ ದಿನ ಬೆಳಿಗ್ಗೆ 9ಕ್ಕೆ ಇಳಿದರೆ ಒಟ್ಟು 65 ಗಂಟೆ. ದಿನಕ್ಕೆ 8 ಗಂಟೆಯಂತೆ ನಿದ್ರೆಗೆ 24 ಗಂಟೆ ಕಳೆದರೆ ಉಳಿಯುವುದು 41. ಊಟ, ತಿಂಡಿ, ಡೆಕ್ಕಿನ ಓಡಾಟ, ಕಾರ್ಯಕ್ರಮ, ದಡದ ಸುತ್ತಾಟಗಳಿಗೆ 30 ಗಂಟೆ ಹೋದರೆ ಕೋಣೆಯಲ್ಲಿ ಎಚ್ಚರವಾಗಿರುವುದು 11 ಗಂಟೆ. ಅದರಲ್ಲಿ ಹೊರಗೆ ಬೆಳಕಿರುವುದು ಹೆಚ್ಚೆಂದರೆ 6 ಗಂಟೆ. ಅಂದರೆ ಕಿಟಕಿಯಿಂದ ಕಡಲು ನೋಡುವ ಒಂದು ಗಂಟೆಗೆ ಸುಮಾರು 2,330 ರೂಪಾಯಿ, ಬಾಲ್ಕನಿಯಲ್ಲಿ ಕೂರುವ ಒಂದು ಗಂಟೆಗೆ ಸುಮಾರು 6,670 ರೂಪಾಯಿ. ಅದೇ ಕಡಲನ್ನು ಮೇಲಿನ ಡೆಕ್ಕಿನಲ್ಲಿ ನಿಂತು ನೋಡಲು ಪೈಸೆಯೂ ಬೇಡ.

ಯಾನ ದೀರ್ಘವಾದರೆ, ಬಂದರಿಗೆ ಹೋಗದೆ ನೀರಿನ ಮೇಲೆಯೇ ಕಳೆಯುವ ದಿನಗಳು ಹೆಚ್ಚಿದರೆ ಈ ಲೆಕ್ಕ ಬದಲಾಗುತ್ತದೆ. ಏಳು ರಾತ್ರಿಯ ಯಾನದಲ್ಲಿ ಕೋಣೆಯಲ್ಲಿ ಕಳೆಯುವ ಹಗಲು ಹೆಚ್ಚು. ನಾರ್ವೆಯ ಕಡಲ ಕಣಿವೆಗಳಲ್ಲಿ, ಅಲಾಸ್ಕದ ಹಿಮನದಿಗಳ ಬಳಿ ಹಡಗು ದಡಕ್ಕೆ ಹತ್ತಿರವಾಗಿ ನಿಧಾನ ಸಾಗುವಾಗ ಬಾಲ್ಕನಿಗೆ ಅರ್ಥವಿದೆ. ಎರಡು ಮೂರು ರಾತ್ರಿಯ ಮುಂಬೈ–ಗೋವಾ ಯಾನದಲ್ಲಿ ಆ ಅರ್ಥ ಕಡಿಮೆ.

ಮನೆಮಂದಿಯೆಲ್ಲ ಹೊರಟಾಗ

ಹಡಗಿನ ದರ ತಲಾ ಲೆಕ್ಕದಲ್ಲಿದ್ದು, ಒಂದು ಕೋಣೆಗೆ ಇಬ್ಬರು ಎಂಬ ಎಣಿಕೆಯ ಮೇಲೆ ನಿಂತಿದೆ. ಒಬ್ಬರೇ ಹೋದರೆ ಅನೇಕ ಕಂಪನಿಗಳು ಇಬ್ಬರ ದರವನ್ನೇ ಕೇಳುತ್ತವೆ. 2010ರಲ್ಲಿ 'ನಾರ್ವೇಜಿಯನ್ ಎಪಿಕ್' ನೌಕೆಯಲ್ಲಿ ಒಂಟಿ ಪ್ರಯಾಣಿಕರಿಗೆಂದೇ 128 ಸಣ್ಣ ಕೋಣೆಗಳನ್ನು ನಿರ್ಮಿಸಿದ್ದು ಈ ದೂರಿಗೆ ಉತ್ತರವಾಗಿ.

ಅದೇ ಕೋಣೆಯ ಮೂರನೆಯ, ನಾಲ್ಕನೆಯ ವ್ಯಕ್ತಿಗೆ ದರ ಕಡಿಮೆ. ಆದರೆ ಅವರಿಗೆ ಸಿಗುವುದು ರೈಲಿನ ಮೇಲಿನ ಬರ್ತಿನಂತೆ ಗೋಡೆಯಿಂದ ಇಳಿಸುವ ಹಾಸಿಗೆ. ಅಜ್ಜ, ಅಜ್ಜಿ, ಮಗ, ಸೊಸೆ ಒಟ್ಟಿಗೆ ಹೊರಟಾಗ ನಾಲ್ವರೂ ಒಂದು ಬಾಲ್ಕನಿ ಕೋಣೆಯಲ್ಲಿ ಇಕ್ಕಟ್ಟಾಗಿ ಮಲಗುವ ಬದಲು, ಅಕ್ಕಪಕ್ಕದ ಎರಡು ಒಳಕೋಣೆ ಅಥವಾ ಕಿಟಕಿ ಕೋಣೆಗಳನ್ನು ತೆಗೆದುಕೊಂಡರೆ ಖರ್ಚು ಎಷ್ಟಾಗುತ್ತದೆಂದು ತಾಳೆ ನೋಡಬೇಕು. ಅನೇಕ ಬಾರಿ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎರಡು ಕೋಣೆಯೆಂದರೆ ಎರಡು ಬಚ್ಚಲು. ಬೆಳಗಿನ ಜಾವ ನಾಲ್ವರು ಸ್ನಾನಕ್ಕೆ ಸರದಿ ನಿಲ್ಲುವುದು ತಪ್ಪುತ್ತದೆ. ಹತ್ತುವ–ಏರುವ ಸ್ವಭಾವದ ಸಣ್ಣ ಮಕ್ಕಳಿದ್ದರೆ ಬಾಲ್ಕನಿಯಲ್ಲಿ ಕಣ್ಗಾವಲಿಗೊಬ್ಬರು ಬೇಕೆಂಬುದೂ ನೆನಪಿರಲಿ.

ಮಂಡಿನೋವಿನ ಹಿರಿಯರಿಗೆ ಲಿಫ್ಟಿಗೆ ಸಮೀಪದ ಕೋಣೆ ಬಾಲ್ಕನಿಗಿಂತ ದೊಡ್ಡ ಸೌಕರ್ಯ. ಲಿಫ್ಟಿನ ಬಾಗಿಲ ಎದುರಿಗೇ ಇದ್ದರೆ ಮಾತ್ರ ರಾತ್ರಿಯೆಲ್ಲ ಗದ್ದಲ. ನಾಲ್ಕಾರು ಬಾಗಿಲು ಆಚೆಗಿದ್ದರೆ ಸಾಕು.

ಹಳಿಯ ಮೇಲಿನ ಹಡಗು

ಕೋಣೆಯ ಮೇಲಾಟವನ್ನೇ ತೆಗೆದುಹಾಕಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಹಂಪಿಯ ಕಲ್ಲಿನ ರಥದಿಂದ ಹೆಸರು ಪಡೆದು 2008ರಲ್ಲಿ ಆರಂಭವಾದ 'ಗೋಲ್ಡನ್ ಚಾರಿಯಟ್' ರೈಲು ಹಲವು ವರ್ಷ ನಿಂತುಹೋಗಿ, ಐಆರ್‌ಸಿಟಿಸಿ ನಿರ್ವಹಣೆಯಲ್ಲಿ 2024ರ ಡಿಸೆಂಬರ್ 14ರಂದು ಮತ್ತೆ ಹೊರಟಿತು. ಕದಂಬ, ಹೊಯ್ಸಳ, ರಾಷ್ಟ್ರಕೂಟ, ಗಂಗ, ಚಾಲುಕ್ಯ ಮುಂತಾದ ರಾಜವಂಶಗಳ ಹೆಸರು ಹೊತ್ತ ಬೋಗಿಗಳಲ್ಲಿ 40 ಕೋಣೆ, 80 ಮಂದಿಗೆ ಸ್ಥಳ. 'ಪ್ರೈಡ್ ಆಫ್ ಕರ್ನಾಟಕ' ಮಾರ್ಗದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಭೇಟಿಯೂ ಸೇರಿದೆ. ಐದು ರಾತ್ರಿಯ ಈ ಪ್ರವಾಸಕ್ಕೆ ಆ ಋತುವಿನಲ್ಲಿ ನಿಗದಿಯಾದ ತಲಾ ದರ 4,00,530 ರೂಪಾಯಿ, ಅದರ ಮೇಲೆ ಶೇ 5 ಜಿಎಸ್‌ಟಿ. ಅಂದರೆ ರಾತ್ರಿಯೊಂದಕ್ಕೆ 80,000 ರೂಪಾಯಿಗೂ ಮೇಲೆ. ಇಲ್ಲಿ ಎಲ್ಲರೂ ಒಂದೇ ದರ್ಜೆಯವರು. ಒಂದೇ ಜೋಡಿ ಹಾಸಿಗೆಯೋ ಬೇರೆ ಬೇರೆ ಎರಡು ಹಾಸಿಗೆಯೋ ಎಂಬುದಷ್ಟೇ ಆಯ್ಕೆ. ಅಗ್ಗದ ಕೋಣೆಯಿಲ್ಲದಿರುವುದರಿಂದ ಆರಂಭದ ದರವೇ ಶಿಖರದಲ್ಲಿದೆ. ಹಡಗಿನ ಒಳಕೋಣೆಯಿಂದಾಗಿಯೇ ಮಧ್ಯಮವರ್ಗದವರಿಗೆ ಹಡಗು ನಿಲುಕಿದೆ ಎಂಬುದು ಈ ಹೋಲಿಕೆಯಿಂದ ಸ್ಪಷ್ಟ.

ಕಾದಿರಿಸುವ ಮುನ್ನ

* ಏಜೆಂಟರ ಬಳಿ ಹಡಗಿನ ಅಂತಸ್ತುವಾರು ನಕ್ಷೆ ಕೇಳಿ ಪಡೆಯಬೇಕು. ಕೋಣೆಯ ಮೇಲೆ ಮತ್ತು ಕೆಳಗೆ ಏನಿದೆ ಎಂಬುದನ್ನು ನೋಡಬೇಕು. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ಉತ್ತಮ. ನೃತ್ಯಶಾಲೆ, ಅಡುಗೆಮನೆ, ಈಜುಕೊಳದ ಅಡಿಯ ಕೋಣೆಗಳಲ್ಲಿ ಸದ್ದು ಹೆಚ್ಚು. ಮೂತಿಯ ಬಳಿ ಬೆಳಗಿನ ಜಾವ ಲಂಗರಿನ ಸರಪಳಿಯ ಸದ್ದು.

* ಕಿಟಕಿ ಕೋಣೆಯ ದರ ಅನುಮಾನ ಬರುವಷ್ಟು ಕಡಿಮೆಯಿದ್ದರೆ ನೋಟಕ್ಕೆ ಅಡ್ಡಿಯಿದೆಯೇ ಎಂದು ಕೇಳಬೇಕು. ಕಿಟಕಿಯ ಮುಂದೆಯೇ ಜೀವರಕ್ಷಕ ದೋಣಿ ತೂಗುತ್ತಿರುವ ಕೋಣೆಗಳೂ ಇವೆ. ಬೆಳಕು ಬೇಕು, ನೋಟ ಬೇಡ ಎನ್ನುವವರಿಗೆ ಅದೂ ಲಾಭದ ವ್ಯವಹಾರವೇ.

* 'ಗ್ಯಾರಂಟಿ' ಕೋಣೆಯೆಂದರೆ ದರ್ಜೆಯ ಖಾತರಿ ಮಾತ್ರ, ಸ್ಥಳದ ಖಾತರಿಯಲ್ಲ. ಕೋಣೆ ಸಂಖ್ಯೆಯನ್ನು ಕಂಪನಿ ನಂತರ ತಾನೇ ನಿರ್ಧರಿಸುತ್ತದೆ. ವಾಕರಿಕೆಯ ತೊಂದರೆಯವರಿಗೆ, ಅಕ್ಕಪಕ್ಕದ ಕೋಣೆ ಬೇಕಾದ ಕುಟುಂಬಗಳಿಗೆ ಇದು ಸಲ್ಲದು.

* ಕಾದಿರಿಸಿದ ಮೇಲೆ ಮೇಲಿನ ದರ್ಜೆಗೆ ಹರಾಜು ಕೂಗುವ ಅವಕಾಶವನ್ನು ಕೆಲವು ವಿದೇಶಿ ಕಂಪನಿಗಳು ನೀಡುತ್ತವೆ. ಕೂಗುವ ಮೊತ್ತ ಸಾಮಾನ್ಯವಾಗಿ ತಲಾ ಲೆಕ್ಕದ್ದು. ದಂಪತಿಗೆ ಅದರ ಎರಡರಷ್ಟು. ಕೂಗು ಒಪ್ಪಿತವಾದರೆ ಹಣ ಮರಳುವುದಿಲ್ಲ, ಆರಿಸಿಕೊಂಡಿದ್ದ ನಡುಭಾಗದ ಕೋಣೆಯೂ ಕೈತಪ್ಪುತ್ತದೆ.

* ಬಂದರು ಶುಲ್ಕ ತಲೆಗೆ ಇಷ್ಟೆಂದು ಇರುತ್ತದೆ. ತೆರಿಗೆ ಮಾತ್ರ ದರದೊಡನೆ ಏರುತ್ತದೆ. ಭಕ್ಷೀಸು ಕೆಲವೆಡೆ ಸೂಟಿನವರಿಗೆ ಹೆಚ್ಚು. ಎರಡು ಕೋಣೆಗಳನ್ನು ಹೋಲಿಸುವಾಗ ಎಲ್ಲ ಸೇರಿದ ಅಂತಿಮ ಮೊತ್ತವನ್ನೇ ಹೋಲಿಸಬೇಕು.

* ಏಜೆಂಟರ ಬಾಯಿಮಾತನ್ನು ನಂಬದೆ ಕೋಣೆಯ ಬಗೆ, ಸಂಖ್ಯೆ, ರದ್ದತಿಯ ನಿಯಮಗಳನ್ನು ಬರಹದಲ್ಲಿ ಪಡೆಯಬೇಕು. ಕೊಟ್ಟ ಮಾತಿನ ಕೋಣೆ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದೆಯೆಂದು ಅಲ್ಲಿಗೆ ಅಲೆಯಬೇಕಿಲ್ಲ.

ಒಳನಾಡಿನವರಿಗೆ ಮೊದಲ ಖರ್ಚು ಯಾವುದು?

ಚಾಮರಾಜನಗರ ಜಿಲ್ಲೆಯಂಥ ಒಳನಾಡಿನಿಂದ ಹೊರಡುವವರು ಕೋಣೆಗಿಂತ ಮೊದಲು ಯೋಚಿಸಬೇಕಾದದ್ದು ಬಂದರು ತಲುಪುವ ದಾರಿಯನ್ನು. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ತಡವಾದರೆ ಸಾಮಾನ್ಯವಾಗಿ ಹಣವೂ ಮರಳುವುದಿಲ್ಲ. ಗುಂಡ್ಲುಪೇಟೆ ಮಾರ್ಗವಾಗಿ ವಯನಾಡು, ಕೋಯಿಕ್ಕೋಡ್ ದಾಟಿ ಕೊಚ್ಚಿಗೆ ಹೋಗುವವರಿಗೆ ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧವಿದೆ. 2009ರಿಂದ ಜಾರಿಯಲ್ಲಿರುವ ಈ ನಿರ್ಬಂಧವನ್ನು ಮರೆತು ನಡುರಾತ್ರಿ ಸ್ವಂತ ಕಾರಿನಲ್ಲಿ ಹೊರಟರೆ ಚೆಕ್‌ಪೋಸ್ಟಿನಲ್ಲೇ ಬೆಳಗು ಮಾಡಬೇಕಾದೀತು. ಹಿಂದಿನ ದಿನವೇ ಬಂದರು ನಗರ ಸೇರಿ ಒಂದು ರಾತ್ರಿ ಸಾಧಾರಣ ಹೋಟೆಲಿನಲ್ಲಿ ತಂಗುವ ಖರ್ಚು ಯಾವುದೇ ಬಾಲ್ಕನಿಗಿಂತ ಹೆಚ್ಚು ಅಗತ್ಯದ್ದು. ಪ್ರಯಾಣ ವಿಮೆ, ಹಿರಿಯರ ಔಷಧಿ, ವಾಕರಿಕೆಯ ಮಾತ್ರೆ, ಒಂದು ಸಣ್ಣ ಟಾರ್ಚ್ ಇವುಗಳ ಸರದಿ ಅದರ ನಂತರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಡಗಿನ ಕೋಣೆಗೆ ಅಕ್ಷರಶಃ ಅನ್ವಯಿಸುತ್ತದೆ. ಮೊದಲ ಬಾರಿಗೆ, ಎರಡು ಮೂರು ರಾತ್ರಿಗಾಗಿ ಹೋಗುವವರಿಗೆ ಒಳಕೋಣೆ ಸಾಕು. ಮುಚ್ಚಿದ ಜಾಗದ ಭಯ, ವಾಕರಿಕೆ, ವಯಸ್ಸು ಇವುಗಳಲ್ಲಿ ಯಾವುದಿದ್ದರೂ ನಡುಭಾಗದ ಕಿಟಕಿ ಕೋಣೆಗೆ ಕೊಡುವ ಹೆಚ್ಚುವರಿ ಹಣ ದಂಡವಲ್ಲ. ವಾರಕ್ಕೂ ಮೀರಿದ ಯಾನ, ನೋಡುವಂಥ ದಡ, ಕೋಣೆಯಲ್ಲಿಯೇ ಕೂತು ಓದುವ, ಮೌನವಾಗಿ ಕಡಲು ನೋಡುವ ಮನಸ್ಸು ಮೂರೂ ಕೂಡಿದವರು ಬಾಲ್ಕನಿಗೆ ಕೈಹಾಕಬಹುದು. ಸೂಟ್ ಕೊಳ್ಳಬಲ್ಲವರು ಈ ಲೆಕ್ಕಗಳನ್ನೆಲ್ಲ ಹಾಕುವ ಗೋಜಿಗೆ ಹೋಗುವುದಿಲ್ಲ. ಉಳಿದವರಾದರೂ ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಕಾಗದ ಪೆನ್ನು ಹಿಡಿದು ಅರ್ಧ ಗಂಟೆ ಕೂರುವುದು ಲೇಸು.